ಆಸ್ಪತ್ರೆಗೆ ಪುರುಡಿಲ್ಲ

ಸರ್ಕಾರಿ ಆಸ್ಪತ್ರೆಯೊಳಗೆ ಯಾರು ಡಾಕ್ಟರು, ಯಾರು ಅಲ್ಲ ಎಂದು ಹೇಳುವ ಅಧಿಕಾರ ಯಾರದು? ಕಾನೂನು ಕಾಲೇಜಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ಮಾತಾಡಿ, ಎರಡೂ ಕಡೆಯಿಂದ ನಾನೇ ಗೆದ್ದು ಬರುತ್ತಿದ್ದೆ. ಆದರೆ ಪ್ರಶ್ನೆ ಎದುರಾದದ್ದು ನಮ್ಮ ಮನೆಯ ಹಿತ್ತಲಿನಲ್ಲಿ, ಊದಿದ ಕಾಲು ನೀಡಿಕೊಂಡು ಕೂತಿದ್ದ ಅಕ್ಕನ ಬಾಯಿಂದ. ಅಲ್ಲಿ ನಾನು ಗೆಲ್ಲಲಿಲ್ಲ. ಗೆದ್ದವರು ಯಾರು ಎಂಬ ಬಗ್ಗೆ ನಮ್ಮೂರಿನಲ್ಲಿ ಇನ್ನೂ ಒಮ್ಮತವಿಲ್ಲ.

ನಮ್ಮೂರು ಬ್ಯಾಟರಾಯನಪುರದಿಂದ ಒಳಗೆ, ಹೊಲದ ಬದುಗಳ ಮೇಲೆ ನಡೆದು ಹೋಗುವಷ್ಟು ದೂರ. ನಾನು ದಿನಾ ಬಸ್ಸು ಹಿಡಿದು ಸಿಟಿಗೆ ಹೋಗಿ ಕಾನೂನು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ವಾದಿಸುತ್ತಿದ್ದೆ ಎನ್ನುವುದು ಸರಿ. ಚರ್ಚಾಸ್ಪರ್ಧೆ ಎಲ್ಲಿದ್ದರೂ ಹೋಗುವುದು, ಬೆಳ್ಳಿ ಬಣ್ಣದ ಬಟ್ಟಲೊಂದನ್ನು ಗೆದ್ದು ತರುವುದು. ಅಜ್ಜಿ ಒಂದು ಬಟ್ಟಲಿನಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದಳು, ಇನ್ನೊಂದರಲ್ಲಿ ದೀಪದ ಬತ್ತಿ. ಮೂರನೆಯದಕ್ಕೆ ಹಿಡಿ ಇರಲಿಲ್ಲವೆಂದು ಕೋಳಿಗೆ ನೀರಿಡಲು ಕೊಟ್ಟಿದ್ದಳು. ದೇವರು, ದೆವ್ವ, ಗ್ರಹಣ, ಮೈಲಿಗೆ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ನಾನು ಬಾಯಿ ತೆರೆದರೆ ಸಾಕು, ಅಜ್ಜಿ ಒಲೆಯ ಮುಂದಿನಿಂದಲೇ, “ಯಾರಾನಾ ಗಂಟೆ ಒಡೀರಪ್ಪ ಇವಳಿಗೆ” ಎನ್ನುತ್ತಿದ್ದಳು. ಸ್ಪರ್ಧೆಯಲ್ಲಿ ಸಮಯ ಮುಗಿದಾಗ ಗಂಟೆ ಹೊಡೆಯುತ್ತಾರೆಂದು ಹೇಳಿಕೊಟ್ಟವಳು ನಾನೇ.

ಅಕ್ಕ ಚೊಚ್ಚಲ ಹೆರಿಗೆಗೆಂದು ಸೋಲದೇವನಹಳ್ಳಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅವಳನ್ನು ನೋಡುತ್ತಿದ್ದವರು ಡಾಕ್ಟರಮ್ಮ. ಊರಿಗೆಲ್ಲ ಅವರು ಡಾಕ್ಟರಮ್ಮನೇ; ಬೇರೆ ಹೆಸರಿದ್ದರೂ ಯಾರೂ ಕರೆದದ್ದಿಲ್ಲ. ಮಂಗಳೂರಿನ ಕಡೆಯ ಕ್ರೈಸ್ತರು, ನಡುವಯಸ್ಸು ದಾಟಿತ್ತು, ಮದುವೆಯಾಗಿರಲಿಲ್ಲ. ಬಳ್ಳಾರಿ ರಸ್ತೆಯ ಪಕ್ಕದ ಹೆಂಚಿನ ಮನೆಯ ಮುಂಗೋಣೆಯಲ್ಲಿ ಅವರ ಶಾಪು. ನಮ್ಮ ಕಡೆ ಡಾಕ್ಟರು ಕೂರುವ ಜಾಗಕ್ಕೂ ಶಾಪು ಎಂದೇ ಹೆಸರು. ಅಕ್ಕ ಚಿಕ್ಕವಳಿದ್ದಾಗ ವಿಷಮಶೀತಜ್ವರ ಬಂದು ಮಲಗಿದ್ದಳು. ಆಗ ದಿನವೂ ಸೈಕಲ್ಲಿನಲ್ಲಿ ಬಂದು ಹೋಗಿ ಅವಳನ್ನು ಎಬ್ಬಿಸಿ ಕೂರಿಸಿದವರು ಅವರು. ಅಂದಿನಿಂದ ಅಕ್ಕನಿಗೆ ಜಗತ್ತಿನಲ್ಲಿ ಅವರೊಬ್ಬರೇ ಡಾಕ್ಟರು. ಉಳಿದವರೆಲ್ಲ ಬರಿಯ ಕೋಟು.

ಅಂಥ ಡಾಕ್ಟರಮ್ಮ ಆ ದಿನ ಅಕ್ಕನ ಕಾಲನ್ನು ಬೆರಳಿನಿಂದ ಒತ್ತಿ ನೋಡಿ, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದು, “ಹೆರಿಗೆ ಮನೆಯಲ್ಲಿ ಬೇಡ. ಆಸ್ಪತ್ರೆಯಲ್ಲೇ ಆಗಬೇಕು” ಎಂದರು.

“ನೀವೂ ಬರ್ತೀರ ತಾನೆ?” ಎಂದಳು ಅಕ್ಕ.

“ನಾನು ಹೇಗೆ ಬರುವುದು ಮಾರಾಯ್ತಿ? ಅದು ಸರ್ಕಾರದ ಆಸ್ಪತ್ರೆ. ಅದರ ಬಾಗಿಲು ದಾಟಿದರೆ ನಾನು ಡಾಕ್ಟರಲ್ಲ. ಅಲ್ಲಿ ಯಾರ ಕೈ ಮುಟ್ಟಿ ನೋಡಲಿಕ್ಕೂ ನನಗೆ ಹಕ್ಕಿಲ್ಲ.”

“ಹಂಗಾದ್ರೆ ನಾನೂ ಹೋಗಲ್ಲ. ನನ್ನ ಮೈ ಮುಟ್ಟೋದಿದ್ರೆ ನೀವೇ ಮುಟ್ಬೇಕು. ಇಲ್ಲಾಂದ್ರೆ ಇಲ್ಲೇ, ಈ ಕಲ್ಲಿನ ಮೇಲೇ ಹೆರ್ತೀನಿ.”

ಅದು ಬಟ್ಟೆ ಒಗೆಯುವ ಕಲ್ಲು. ಅಕ್ಕ ಅದರ ಮೇಲಿಂದ ಏಳಲಿಲ್ಲ. ಅಮ್ಮ ಅತ್ತಳು, ಅಪ್ಪ ಕೆಮ್ಮಿದರು, ಡಾಕ್ಟರಮ್ಮ ಬೈದರು. ಅಕ್ಕ ಮಾತಾಡದೆ ಕೂತಳು. ವಾದಿಸುವವರನ್ನು ಸೋಲಿಸಬಹುದು, ಸುಮ್ಮನೆ ಕೂತವರನ್ನು ಏನು ಮಾಡುವುದು? ಮನೆಯವರೆಲ್ಲ ನನ್ನ ಕಡೆ ನೋಡಿದರು. ಇಷ್ಟು ವರ್ಷ ನನ್ನ ಮಾತು ಕೇಳಿ ತಲೆ ಚಿಟ್ಟು ಹಿಡಿಸಿಕೊಂಡವರಿಗೆ ಅದರಿಂದ ಒಂದು ಉಪಯೋಗ ಆಗಬಹುದೆಂದು ಮೊದಲ ಸಲ ತೋರಿತ್ತು.

ಯಲಹಂಕದ ಕಡೆಗಿದ್ದ ಆ ಆಸ್ಪತ್ರೆಯ ಮುಖ್ಯ ವೈದ್ಯರನ್ನು ಜನ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಎತ್ತರದ ಆಳು, ಕೋಪಿಷ್ಠರೆಂದು ಹೆಸರು. ನಾನು ಕೋಣೆಗೆ ನುಗ್ಗಿ, “ಸಾರ್, ಒಂದು ವಾದ ಇದೆ” ಎಂದೆ. ಅವರು ತಲೆಯೆತ್ತಿ, “ಪರವೋ ವಿರೋಧವೋ?” ಎಂದು ಕೇಳಿದರು. ಈ ಮನುಷ್ಯ ತನ್ನ ಕಾಲದಲ್ಲಿ ಮೈಸೂರಿನ ಕಾಲೇಜಿನ ಚರ್ಚಾಪಟುವಾಗಿದ್ದರೆಂದು ಯಾರೂ ನನಗೆ ಹೇಳಿರಲಿಲ್ಲ. ಮೇಜಿನ ಮೇಲಿದ್ದ, ಕಾಂಪೌಂಡರನ್ನು ಕರೆಯುವ ಗಂಟೆಯನ್ನು ಅವರು ತಮ್ಮ ಮುಂದಕ್ಕೆ ಎಳೆದುಕೊಂಡರು.

“ಐದು ನಿಮಿಷ. ನಾಲ್ಕಕ್ಕೆ ಎಚ್ಚರಿಕೆ ಗಂಟೆ. ಶುರು ಮಾಡಮ್ಮ.”

ನಾನು ಶುರು ಮಾಡಿದೆ. ಆಸ್ಪತ್ರೆ ಯಾರ ತೆರಿಗೆಯಿಂದ ನಡೆಯುತ್ತದೆ? ಜನರ ತೆರಿಗೆಯಿಂದ. ಜನ ಯಾರನ್ನು ಡಾಕ್ಟರೆಂದು ಒಪ್ಪಿದ್ದಾರೆ? ಡಾಕ್ಟರಮ್ಮನನ್ನು. ಅವರ ಓದು ನಿಮ್ಮ ಓದಿಗಿಂತ ಕಡಿಮೆಯೇ? ಇಲ್ಲ. ಹಾಗಾದರೆ ಜನರ ಡಾಕ್ಟರಿಗೆ ಜನರ ಆಸ್ಪತ್ರೆಯಲ್ಲಿ ಏಕೆ ಜಾಗವಿಲ್ಲ? ಎಚ್ಚರಿಕೆ ಗಂಟೆ ಹೊಡೆಯಿತು. ಒಳಗಿನಿಂದ ಕಾಂಪೌಂಡರು ಓಡಿ ಬಂದರು. ದೊಡ್ಡ ಡಾಕ್ಟರು ಅವರನ್ನು ಕೈಸನ್ನೆಯಲ್ಲೇ ವಾಪಸು ಕಳಿಸಿದರು. ಕೊನೆಯ ಗಂಟೆ ಹೊಡೆದಾಗ ಪಾಪ, ಮತ್ತೆ ಬಂದರು.

“ಈಗ ನನ್ನ ಸರದಿ” ಎಂದರು ದೊಡ್ಡ ಡಾಕ್ಟರು. “ಹೋದ ವರ್ಷ ಯಶವಂತಪುರದ ಸಂತೆಯಲ್ಲಿ ಹಲ್ಲು ಕೀಳೋನೊಬ್ಬ ನಮ್ಮ ಜಗಲಿ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದ. ಏಳಪ್ಪ ಅಂದ್ರೆ, ಇದು ಸಾರ್ವಜನಿಕರ ಆಸ್ಪತ್ರೆ, ನಾನೂ ಸಾರ್ವಜನಿಕ ಅಂದ. ನಿನ್ನದೂ ಅದೇ ವಾದ ತಾನೆ? ಸಾರ್ವಜನಿಕರು ಇಲ್ಲಿಗೆ ರೋಗಿಗಳಾಗಿ ಬರಬಹುದಮ್ಮ, ಡಾಕ್ಟರಾಗಿ ಅಲ್ಲ.”

“ಡಾಕ್ಟರಮ್ಮ ಹಲ್ಲು ಕೀಳೋರಲ್ಲ ಸಾರ್.”

“ಅಲ್ಲ. ನನಗಿಂತ ಒಳ್ಳೇ ಡಾಕ್ಟರೇ ಇರಬಹುದು. ಆದರೆ ಒಳ್ಳೆಯವರು ಯಾರು, ಅಲ್ಲದವರು ಯಾರು ಅಂತ ಬಾಗಿಲಲ್ಲಿ ನಿಂತು ಮುಖ ನೋಡಿ ಹೇಳೋಕಾಗುತ್ತಾ? ಒಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಬಂದು ಯಾರ ಕೊರಳಪಟ್ಟಿ ಹಿಡೀತೀರಿ? ನಂದು. ಅದಕ್ಕೇ ಕಾನೂನು ಇರೋದು. ಸರ್ಕಾರ ನೇಮಿಸಿದವರು, ಇಲ್ಲ ಆಸ್ಪತ್ರೆ ಸಮಿತಿ ಗೌರವ ವೈದ್ಯರು ಅಂತ ಒಪ್ಪಿಕೊಂಡವರು. ಬೇರೆಯವರನ್ನ ಒಳಗೆ ಬಿಡೋ ಅಧಿಕಾರ ನನಗೂ ಇಲ್ಲ.”

“ಹಾಗಾದ್ರೆ ಸಮಿತಿ ಒಪ್ಪಲಿ.”

“ನಿಮ್ಮ ಡಾಕ್ಟರಮ್ಮ ಸಮಿತಿಗೆ ಕೇಳಿಕೊಂಡು ಕಾಲವಾಯ್ತು. ಮೊದಲನೇ ಸಭೇಲಿ ಅಧ್ಯಕ್ಷರಿಗೆ ಕನ್ನಡಕ ಸಿಗಲಿಲ್ಲ. ಎರಡನೇ ಸಭೇಲಿ ಕನ್ನಡಕ ಇತ್ತು, ಅಧ್ಯಕ್ಷರು ಬರಲಿಲ್ಲ.”

ಹೊರಬರುವಾಗ ಹೆರಿಗೆ ವಾರ್ಡಿನ ಬಾಗಿಲ ಮೇಲಿನ ಹಲಗೆ ಕಣ್ಣಿಗೆ ಬಿತ್ತು: ಹೆರಿಗೆಗೆ ಬಂದವರ ಜೊತೆಯಲ್ಲಿ ಒಬ್ಬ ಹೆಣ್ಣು ಸಂಬಂಧಿ ಮಾತ್ರ ಇರತಕ್ಕದ್ದು. ಮನೆಗೆ ಬಂದು ಸಿಟ್ಟಿನಲ್ಲಿ ಅದನ್ನೂ ಹೇಳಿದೆ. ಸಂಬಂಧಿಗೆ ಜಾಗವಿದೆಯಂತೆ, ಡಾಕ್ಟರಿಗಿಲ್ಲವಂತೆ, ಇದೆಂಥ ಆಸ್ಪತ್ರೆ!

ಅಜ್ಜಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ಸಂಬಂಧಿ ಅಂದ್ರೆ ಯಾರು ಅಂತ ಬರೆದವ್ರೆ?”

“ಅದೇನೂ ಬರೆದಿಲ್ಲ.”

“ಬರೆದಿಲ್ವಾ?” ಎಂದು ಅಜ್ಜಿ ಎದ್ದು ಒಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ. “ಓಗು, ಡಾಕ್ಟರಮ್ಮನ್ನ ಕರ್ಕೊಂಬಾ. ಬೀದಿಯೋರ್ನೂ ಕರಿ. ನಾಕ್ ಜನ ನೋಡ್ಬೇಕು.”

ಮನೆಯ ಹೆಣ್ಣುಮಗಳು ತವರಿಂದ ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯದೆಲೆ ತುಂಬಿ ಕಳಿಸುವುದು ಎಲ್ಲ ಕಡೆಯ ಪದ್ಧತಿ. ಅದು ಮಡಿಲಕ್ಕಿ. ಮಡಿಲಕ್ಕಿ ಪಡೆದವಳು ಮನೆ ಮಗಳು, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿಯ ಪ್ರಕಾರ ಇದು ಹಿಂದುಮುಂದಾಗಿಯೂ ನಿಜ: ಮನೆ ಮಗಳಲ್ಲದಿದ್ದರೆ, ಮಡಿಲಕ್ಕಿ ಕೊಟ್ಟರೆ ಆಗುತ್ತಾಳೆ. ತರ್ಕಶಾಸ್ತ್ರದಲ್ಲಿ ಇದು ಶುದ್ಧ ತಪ್ಪು. ಹೇಳಿದೆ. “ಗಂಟೆ ಒಡೀರಪ್ಪ” ಎಂದಳು.

“ಅಲ್ಲಜ್ಜಿ, ಮದುವೆಯಾದವರಿಗೆ ತಾನೆ ಮಡಿಲಕ್ಕಿ? ಡಾಕ್ಟರಮ್ಮನಿಗೆ ಮದುವೆಯಾಗಿಲ್ಲ. ಅವರ ಧರ್ಮವೂ ಬೇರೆ.”

“ಆಸ್ಪತ್ರೆಗೆ ಸಮಿತಿ ಐತೆ. ಈ ಮನೆಗೆ ನಾನಿದ್ದೀನಿ. ನಂಗೆ ಕನ್ನಡಕ ಬೇಕಾಗಿಲ್ಲ.”

ಡಾಕ್ಟರಮ್ಮ ಬಂದರು. ವಿಷಯ ಕೇಳಿ ನಕ್ಕರು; ಆಮೇಲೆ ಅಕ್ಕನ ಕಾಲು ನೋಡಿ ನಗು ನಿಲ್ಲಿಸಿದರು. ಮಣೆಯ ಮೇಲೆ ಕೂತು ಸೆರಗೊಡ್ಡಿದರು. ಅಜ್ಜಿ ಮೊರದಿಂದ ಅಕ್ಕಿ ಸುರಿಯುತ್ತ, ಬೀದಿಯ ಕೊನೆಯ ಮನೆಗೂ ಕೇಳುವಂತೆ, “ಇವತ್ತಿಂದ ಇವಳು ನಮ್ಮನೆ ಮಗಳು ಕಣ್ರವ್ವಾ, ಒಳ್ಳೇದಕ್ಕೂ ಕೆಟ್ಟದ್ದಕ್ಕೂ!” ಎಂದು ಕೂಗಿದಳು. ಸೇರಿದ ಹೆಂಗಸರೆಲ್ಲ ಹೂಂಗುಟ್ಟಿದರು. ಆ ಹೂಂಕಾರ ಮುಂದೆ ನಮ್ಮ ತಲೆಗೇ ಬಂದೀತೆಂದು ಯಾರಿಗೂ ಹೊಳೆಯಲಿಲ್ಲ.

ನಾನು ಮತ್ತೆ ದೊಡ್ಡ ಡಾಕ್ಟರ ಮುಂದೆ ನಿಂತೆ. ಸಂಬಂಧಿ ಎಂದರೆ ಯಾರು ಎಂದು ನಿಮ್ಮ ಹಲಗೆ ಹೇಳುವುದಿಲ್ಲ; ಹೇಳದಿದ್ದಾಗ ಆ ಊರಿನ ರೂಢಿಯನ್ನೇ ಹಿಡಿಯಬೇಕು; ರೂಢಿಯ ಪ್ರಕಾರ, ಬೀದಿಯವರ ಸಾಕ್ಷಿಯಾಗಿ, ಡಾಕ್ಟರಮ್ಮ ನಮ್ಮ ಮನೆ ಮಗಳು.

ಅವರು ಗಂಟೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದರು. “ನೀನು ಇದನ್ನೆಲ್ಲ ನಂಬ್ತೀಯೇನಮ್ಮ?”

“ಇಲ್ಲ ಸಾರ್. ಸೆರಗಿಗೆ ಅಕ್ಕಿ ಸುರಿದರೆ ಸಂಬಂಧ ಹುಟ್ಟುತ್ತೆ ಅಂತ ನಂಬಲ್ಲ. ಕಾಗದಕ್ಕೆ ಮೊಹರು ಒತ್ತಿದರೆ ಡಾಕ್ಟರು ಹುಟ್ತಾರೆ ಅಂತಲೂ ನಂಬಲ್ಲ.”

ಅವರು ಗಂಟೆಯ ಮೇಲಿಂದ ಕೈ ತೆಗೆದರು. “ಸರಿ. ಸಂಬಂಧಿಯಾಗಿ ಬರಲಿ. ಆದರೆ ಸಂಬಂಧಿಯಾಗಿಯೇ ಇರಬೇಕು. ಒಳಗೆ ಒಂದೇ ಒಂದು ಡಾಕ್ಟರ ಮಾತು ಆಡಿದ್ರೆ ಆಚೆ ಕಳಿಸ್ತೀನಿ” ಎಂದರು. ಡಾಕ್ಟರಮ್ಮ ಇದಕ್ಕೊಪ್ಪಿದರು. ಅಕ್ಕ ಕಲ್ಲಿನ ಮೇಲಿಂದ ಎದ್ದಳು.

ನೋವು ಶುರುವಾದದ್ದು ಬೆಳಗಿನ ಹೊತ್ತು. ಗಾಡಿ ಕಟ್ಟಿಸಿ ಹೊರಟೆವು. ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮ ತಮ್ಮ ಚೀಲವನ್ನು ಅಜ್ಜಿಯ ಕೈಗೆ ಕೊಟ್ಟರು, ಕೊರಳಿನ ಸ್ಟೆತಸ್ಕೋಪನ್ನೂ ತೆಗೆದುಕೊಟ್ಟರು. ಸಂಬಂಧಿಗೆ ಅದೆಲ್ಲ ಏಕೆ? ಕಳೆದುಹೋಗಬಾರದೆಂದು ಅಜ್ಜಿ ಅದನ್ನು ತನ್ನ ಕೊರಳಿಗೆ ಹಾಕಿಕೊಂಡು ಜಗಲಿಯ ಬೆಂಚಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಒಬ್ಬಾತ ಅವಳ ಮುಂದೆ ನಿಂತು ನಾಲಿಗೆ ಚಾಚಿದ. ಅಜ್ಜಿ ನೋಡಿದಳು. “ಬೆಳ್ಳಗೈತೆ. ಜೀರಿಗೆ ಕಷಾಯ ಕುಡಿ, ಓಗು” ಎಂದಳು. ಅವನು ಕೈಮುಗಿದು ಹೋದ. ಅವನ ಹಿಂದೆ ಇನ್ನಿಬ್ಬರು ನಿಂತಿದ್ದರು. ಡಾಕ್ಟರು ಸಂಬಂಧಿಯಾಗಿ ಒಳಗೆ, ಸಂಬಂಧಿ ಡಾಕ್ಟರಾಗಿ ಹೊರಗೆ. ಹಲ್ಲು ಕೀಳುವವನನ್ನು ಓಡಿಸಿದ ಜಗಲಿಯ ಮೇಲೆಯೇ ನಮ್ಮಜ್ಜಿಯ ಶಾಪು ಜೋರಾಗಿ ನಡೆಯಿತು. ಕೊನೆಗೆ ನಾನೇ ಅದನ್ನು ಅವಳ ಕೊರಳಿನಿಂದ ಕಿತ್ತುಕೊಳ್ಳಬೇಕಾಯಿತು. ಅಷ್ಟರಲ್ಲಿ ಒಬ್ಬ ಮುದುಕನಿಗೆ ಹುರುಳಿ ಬಿಡಲು ಹೇಳಿಬಿಟ್ಟಿದ್ದಳು.

ನನ್ನ ಜಾಗ ಒಳಬಾಗಿಲಿನ ಹೊರಗೆ. ನಡುವೆ ಹಸಿರು ಪರದೆ ಮಾತ್ರ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅಕ್ಕ ನರಳುತ್ತಿದ್ದಳು. ಡಾಕ್ಟರಮ್ಮನ ದನಿ ನಾನು ಎಂದೂ ಕೇಳದಷ್ಟು ಮೆತ್ತಗಿತ್ತು.

“ನಮ್ಮ ಊರಲ್ಲಿ ನಮ್ಮ ಅಜ್ಜಿ ಇದ್ದರು” ಎನ್ನುತ್ತಿದ್ದರು. “ಕಾಲು ಊದಿದವರನ್ನು ಅವರು ಅಂಗಾತ ಮಲಗಲಿಕ್ಕೇ ಬಿಡುತ್ತಿರಲಿಲ್ಲ. ಎಡಕ್ಕೆ ಹೊರಳಿಸಿ ಮಲಗಿಸುತ್ತಿದ್ದರು.”

ದೊಡ್ಡ ಡಾಕ್ಟರು ಕೆಮ್ಮಿದರು. “ನರ್ಸಮ್ಮ, ಎಡಕ್ಕೆ ತಿರುಗಿಸಿ. ನಾನೂ ಅದನ್ನೇ ಹೇಳೋದ್ರಲ್ಲಿದ್ದೆ.” ಆಮೇಲೆ, “ನಿಮ್ಮ ಅಜ್ಜಿ ಮತ್ತೇನೇನು ಮಾಡ್ತಿದ್ರು?” ಎಂದರು.

“ಕಡೇ ಹೊತ್ತಿನಲ್ಲಿ ಅವಸರ ಮಾಡುತ್ತಿರಲಿಲ್ಲ. ಅವಸರ ಮಾಡಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.”

“ಅವಸರ ಮಾಡದೆ ಕೂತಿದ್ದು ಕೈಕೊಟ್ಟದ್ದೂ ಇರಬೇಕಲ್ಲ, ನಿಮ್ಮ ಅಜ್ಜೀಗೆ?”

“ಇತ್ತು. ಆದರೆ ಅವರ ಚಿಕ್ಕಮ್ಮ ಇನ್ನೂ ಗಟ್ಟಿಗರು. ಅವರು ಬೇರೆ ದಾರಿ ಹೇಳುತ್ತಿದ್ದರು.”

ನಾನು ಪರದೆಯ ಈಚೆ ನಿಂತು ತುಟಿ ಕಚ್ಚಿದೆ. ಒಳಗೆ ಇಬ್ಬರು ವೈದ್ಯರು ಒಬ್ಬ ರೋಗಿಯ ಬಗ್ಗೆ ಸಮಾಲೋಚನೆ ನಡೆಸುತ್ತಿದ್ದರು, ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರ ಬಾಯಿಂದ. ನರ್ಸಮ್ಮ ಯಾವುದೋ ಇಂಜೆಕ್ಷನ್ ತಂದ ಸದ್ದಾಯಿತು. ತಟ್ಟನೆ ಡಾಕ್ಟರಮ್ಮನ ದನಿ ಏರಿತು.

“ನಮ್ಮ ದೊಡ್ಡಮ್ಮನ ಸೊಸೆ ಒಬ್ಬಳಿದ್ದಾಳೆ. ಚಿಕ್ಕವಳಿದ್ದಾಗ ಅವಳಿಗೆ ಪೆನಿಸಿಲಿನ್ ಚುಚ್ಚಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು.”

“ಪೆನಿಸಿಲಿನ್ ಅನ್ನೋದು ಡಾಕ್ಟರ ಮಾತು” ಎಂದರು ದೊಡ್ಡ ಡಾಕ್ಟರು.

“ಸೊಸೆ ಅನ್ನುವುದು ಸಂಬಂಧಿಯ ಮಾತು.”

“ಆ ದೊಡ್ಡಮ್ಮನ ಸೊಸೆ ಈಗ ಎಲ್ಲಿದ್ದಾಳೆ?”

“ಈ ಮಂಚದ ಮೇಲೇ ಇದ್ದಾಳೆ.”

ತಟ್ಟೆಯಲ್ಲಿ ಸಿರಿಂಜು ಇಟ್ಟ ಸದ್ದು ಕೇಳಿಸಿತು. “ನರ್ಸಮ್ಮ, ಇದು ಬೇಡ, ಬೇರೆ ತನ್ನಿ” ಎಂದವರು, ದನಿ ತಗ್ಗಿಸಿ, “ನಿಮ್ಮ ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳಿ” ಎಂದರು. ಅದು ತಮಾಷೆಯ ದನಿಯಲ್ಲ.

ಮಧ್ಯಾಹ್ನದ ಬಿಸಿಲು ಜಗಲಿಯಿಂದ ಇಳಿಯುವ ಮೊದಲೇ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ತಡ, ಗಂಟೆಗೂ ಹೆದರದೆ ಬಾಯಿ ಮಾಡಿತು. ಚಿಕ್ಕಮ್ಮನನ್ನೇ, ಎಂದರೆ ನನ್ನನ್ನೇ, ಹೋಲುತ್ತದೆ ಎಂದರು ಎಲ್ಲರೂ. ಅಕ್ಕ ಚೆನ್ನಾಗಿದ್ದಳು, ಹೊಲಿಗೆ ಬಿದ್ದಿತ್ತು, ಒತ್ತಡ ಇಳಿಯುವವರೆಗೆ ಅಲ್ಲೇ ಇರಬೇಕೆಂದರು. ಆದರೆ ಅವಳ ಮೊದಲ ಮಾತು, “ಡಾಕ್ಟರಮ್ಮ ಬರೀ ಕೈ ಹಿಡ್ಕೊಂಡು ಕತೆ ಹೇಳಿದ್ರು. ಹೊಲಿಗೆ ಬಿಚ್ಚೋದು ಮಾತ್ರ ಅವರೇ. ಇಲ್ದಿದ್ರೆ ಬಿಚ್ಚೋದೇ ಬೇಡ, ಇರ್ಲಿ.”

ಹೊಲಿಗೆ ಬಿಚ್ಚುವುದು ಯಾವ ಚಿಕ್ಕಮ್ಮನ ಕತೆಯಿಂದಲೂ ಆಗದ ಕೆಲಸ. ಕತ್ತರಿ ಹಿಡಿಯಬೇಕು. ಕತ್ತರಿ ಹಿಡಿಯಲು ಸಮಿತಿ ಒಪ್ಪಬೇಕು. ನಾನು ಹೊಸ ವಾದ ಯೋಚಿಸುತ್ತ ನಿಂತಿದ್ದಾಗ ಡಾಕ್ಟರಮ್ಮ ಹೊರಬಂದು ಚೀಲಕ್ಕೆ ಕೈಚಾಚಿದರು. ಅಜ್ಜಿ ಕೊಟ್ಟಳು. ಕೊಟ್ಟು, ಸಹಜವಾಗಿ, “ಉಷಾರು ಕಣವ್ವ, ನಿಂಗೂ ಪುರುಡು” ಎಂದಳು.

ಮನೆ ಮಗಳಿಗೆ ಮಗುವಾದರೆ ಆ ಮನೆಯವರಿಗೆಲ್ಲ ಪುರುಡು. ಅದು ಕಳೆಯುವವರೆಗೆ ಅವರು ಬೇರೆಯವರನ್ನು ಮುಟ್ಟುವಂತಿಲ್ಲ, ಬೇರೆಯವರು ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಡಾಕ್ಟರಮ್ಮ ನಕ್ಕು ಸೈಕಲ್ಲು ಹತ್ತಿದರು. ಮಾರನೆಯ ದಿನ ಶಾಪಿನ ಬೆಂಚು ಖಾಲಿ. ಜನ ಬಂದಿದ್ದರು, ಆದರೆ ಬಳ್ಳಾರಿ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಅಜ್ಜಿ ಕೂಗಿ ಹೇಳಿದ್ದಕ್ಕೆ ಬೀದಿಯವರೆಲ್ಲ ಸಾಕ್ಷಿಯಿದ್ದರಲ್ಲ.

“ಡಾಕ್ಟರಮ್ಮಾ, ಪುರುಡಂತಲ್ಲ! ಕಳೀಲಿ, ಆಮ್ಯಾಕೆ ಬತ್ತೀವಿ!”

“ಕೆಮ್ಮು ಅಲ್ಲಿವರೆಗೆ ಕಾಯುತ್ತದಾ ಮಾರಾಯರೇ?” ಎಂದು ಡಾಕ್ಟರಮ್ಮ ಈಚೆಯಿಂದ ಕೂಗುತ್ತಿದ್ದರು. ಆಚೆಯವರು ಅಲ್ಲಿಂದಲೇ ಕೆಮ್ಮಿ ತೋರಿಸುತ್ತಿದ್ದರು. ನಡುವೆ ಲಾರಿ ಬಂದರೆ ಕೆಮ್ಮು ಕೇಳುತ್ತಿರಲಿಲ್ಲ, ಮತ್ತೆ ಕೆಮ್ಮಬೇಕಾಗುತ್ತಿತ್ತು. ಹಾಗೆ ನಿಂತವರಲ್ಲಿ ಆಸ್ಪತ್ರೆ ಸಮಿತಿಯ ಅಧ್ಯಕ್ಷರೂ ಇದ್ದರು, ದ್ರಾಕ್ಷಿ ತೋಟದ ಯಜಮಾನರು. ಬಲಗಂಕುಳಲ್ಲಿ ನಿಂಬೆಹಣ್ಣಿನ ಗಾತ್ರದ ಕುರು ಎದ್ದು, ಕೈ ಕೆಳಗಿಳಿಸಲಾಗದೆ ಮೇಲೆತ್ತಿಕೊಂಡೇ ಓಡಾಡುತ್ತಿದ್ದರು. ಅವರನ್ನು ಕಂಡು ಎರಡು ಬಸ್ಸು ನಿಂತು ಮುಂದೆ ಹೋದವು. ದೊಡ್ಡ ಡಾಕ್ಟರ ಬಳಿ ಹೋಗಿ ಎಂದರೆ, “ಆತ ಕೊಯ್ಯೋ ಪಾರ್ಟಿ. ಡಾಕ್ಟರಮ್ಮ ಆದ್ರೆ ಬಿಸಿ ಪಟ್ಟು ಹಾಕಿ ಒಡೆಸ್ತಾರೆ” ಎನ್ನುತ್ತಿದ್ದರು.

ಆ ಭಯವಿಲ್ಲದವರೆಲ್ಲ ಆಸ್ಪತ್ರೆಗೆ ಹೋದರು. ಸಾಲು ಜಗಲಿ ಇಳಿದು ಹೊಂಗೆಮರ ದಾಟಿ ರಸ್ತೆಗೆ ಬಂತು. ಕಾಂಪೌಂಡರು ಗಂಟೆ ಕೇಳಿದರೆ ಬೆಚ್ಚಿಬೀಳುವ ಸ್ಥಿತಿಗೆ ಬಂದರು. ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. “ಏನಮ್ಮ ವಕೀಲೆ, ನಿನ್ನ ರೂಢಿ ನನ್ನ ಪ್ರಾಣ ತೆಗೀತಾ ಇದೆ. ಪುರುಡು ಅನ್ನೋದು ಸುಳ್ಳು ಅಂತ ಹೋಗಿ ವಾದ ಮಾಡು.”

ಮನೆಗೆ ಬಂದು ವಾದ ಮಾಡಿದೆ. “ಅಜ್ಜಿ, ಮಗೂನ ಕೈಯಲ್ಲಿ ಹಿಡಿದವರು ದೊಡ್ಡ ಡಾಕ್ಟರು. ಅವರಿಗಿಲ್ಲದ ಪುರುಡು ಡಾಕ್ಟರಮ್ಮನಿಗೆ ಯಾಕೆ?”

“ಅವ್ರೇನು ಮನೆ ಮಗನಾ?”

“ಡಾಕ್ಟರಮ್ಮಾನೂ ನಿಜವಾಗಿ ಮಗಳಲ್ಲವಲ್ಲ. ಅದು ಆಸ್ಪತ್ರೆ ಒಳಗೆ ಹೋಗೋಕೆ ಮಾಡಿದ ಉಪಾಯ.”

ಅಜ್ಜಿಯ ಮುಖ ಬಿಗಿಯಿತು. “ಉಪಾಯಾನಾ? ಮಡಿಲಕ್ಕಿ ಕೊಟ್ಟು ಉಪಾಯ ಅಂತಾರಾ? ಬೇಕಾದಾಗ ಮಗಳು, ಬ್ಯಾಡ್ದಾಗ ಬ್ಯಾರೆಯೋಳು, ಇದೇನಾ ಕಾಲೇಜಲ್ಲಿ ಕಲ್ತಿದ್ದು?”

ನಾನು ವಾದ ಬದಲಿಸಿದೆ. “ಹೋಗಲಿ, ಆ ನರ್ಸಮ್ಮ ದಿನಾ ಹೆರಿಗೆ ಮಾಡಿಸಿ ದಿನಾ ಊರೆಲ್ಲ ಮುಟ್ತಾರೆ. ಅದು?”

“ಆಸ್ಪತ್ರೆಗೆ ಪುರುಡಿಲ್ಲ ಕಣೆ. ಅಲ್ಲಿ ದಿನಾ ಎರಿಗೆ ಆಯ್ತವೆ. ಪುರುಡು ಅಂತ ಕೂತ್ರೆ ಬಾಗ್ಲು ತೆಗೆಯಾಕೆ ಆಯ್ತದಾ?”

“ಹಾಗಾದ್ರೆ ಡಾಕ್ಟರಮ್ಮ ಆಸ್ಪತ್ರೆ ಒಳಗೆ ಕೂತಿದ್ರೆ?”

“ಒಳಗೆ ಕೂತ್ರೆ ಇಲ್ಲ. ಒರಗೆ ಬಂದ್ರೆ ಐತೆ.”

ಡಾಕ್ಟರಮ್ಮ ಹೊರಗೆ ಡಾಕ್ಟರು, ಆಸ್ಪತ್ರೆಯೊಳಗೆ ಅಲ್ಲ ಎನ್ನುವುದು ಸರ್ಕಾರದ ಕಾನೂನು. ಒಳಗೆ ಡಾಕ್ಟರು, ಹೊರಗೆ ಅಲ್ಲ ಎನ್ನುವುದು ಅಜ್ಜಿಯ ಕಾನೂನು. ಎರಡನ್ನೂ ಒಟ್ಟಿಗೆ ಪಾಲಿಸಿದರೆ ನಮ್ಮ ಸುತ್ತಿನ ಹಳ್ಳಿಗಳಿಗೆ ಡಾಕ್ಟರೇ ಇಲ್ಲ. ಒಂದು ಬಗ್ಗಬೇಕಿತ್ತು. ಅಜ್ಜಿಯಂತೂ ಬಗ್ಗುವವಳಲ್ಲ. ನಾನು ಆಸ್ಪತ್ರೆಗೆ ಓಡಿದೆ. (ಪುರುಡಿನ ನಡುವೆ ಬಸ್ಸು ಹತ್ತಬಹುದೇ ಎಂದು ಕೇಳಿದ್ದಕ್ಕೆ, ಟಿಕೀಟು ತೆಗೆದುಕೊಂಡ ಮೇಲೆ ಪುರುಡಿಲ್ಲ ಎಂದು ಅಜ್ಜಿ ಆಗಲೇ ತೀರ್ಪು ಕೊಟ್ಟಿದ್ದಳು.)

ದೊಡ್ಡ ಡಾಕ್ಟರು ಸಮಿತಿಯ ತುರ್ತುಸಭೆ ಕರೆಸಿದರು. ಸಭೆ ಆಸ್ಪತ್ರೆಯೊಳಗೇ ನಡೆದದ್ದರಿಂದ ಅಜ್ಜಿಯೂ ನಿಶ್ಚಿಂತೆಯಿಂದ ಬಂದು ಕೂತಳು. ಅಧ್ಯಕ್ಷರು ಕನ್ನಡಕ ಹಾಕಿಕೊಂಡೇ ಬಂದಿದ್ದರು, ಬಲಗೈ ಮೇಲಕ್ಕೆತ್ತಿಕೊಂಡು. ದೊಡ್ಡ ಡಾಕ್ಟರು ಎದ್ದು ನಿಂತರು. “ಆಸ್ಪತ್ರೆ ಯಾರ ತೆರಿಗೆಯಿಂದ ನಡೆಯುತ್ತದೆ? ಜನರ ತೆರಿಗೆಯಿಂದ. ಜನ ಯಾರನ್ನು ಡಾಕ್ಟರೆಂದು ಒಪ್ಪಿದ್ದಾರೆ?”

ಅದು ನನ್ನ ಭಾಷಣ. ಅಕ್ಷರಕ್ಷರವೂ ನನ್ನದು, ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಹೊಟ್ಟೆ ಉರಿಯಿತು. ನಾಲಿಗೆ ತಾನಾಗಿಯೇ ಎದ್ದಿತು: “ಮಾನ್ಯ ಅಧ್ಯಕ್ಷರೇ, ಈ ವಾದಕ್ಕೆ ಆಧಾರವಿಲ್ಲ. ಹಾಗಾದರೆ ಹಲ್ಲು ಕೀಳುವವನೂ—”

ಅಜ್ಜಿ ನನ್ನ ಜಡೆ ಹಿಡಿದು ಕೆಳಕ್ಕೆಳೆದಳು. “ನೀನ್ ಯಾರ್ ಕಡೆ ಇದ್ದೀಯೆ ಮುಂಡೇದೆ?”

“ಒಳಗೆ ನಡೆಯೋದಕ್ಕೆಲ್ಲ ಹೊಣೆ ನನ್ನದು. ಕೊರಳಪಟ್ಟಿ ಹಿಡಿಯೋದಿದ್ರೆ ನಂದೇ ಹಿಡೀರಿ” ಎಂದು ಮುಗಿಸಿದರು ದೊಡ್ಡ ಡಾಕ್ಟರು. ನನ್ನ ಭಾಷಣದಲ್ಲಿ ಇಲ್ಲದ ಸಾಲು ಅದೊಂದೇ. “ಡಾಕ್ಟರಮ್ಮನವರನ್ನು ಗೌರವ ವೈದ್ಯರಾಗಿ ತೆಗೆದುಕೊಳ್ಳಲು ಒಪ್ಪಿಗೆ ಇರೋರು ಕೈ ಎತ್ತಿ.”

ಸದಸ್ಯರು ಅಧ್ಯಕ್ಷರ ಮುಖ ನೋಡುವ ಅಭ್ಯಾಸದವರು. ನೋಡಿದರೆ ಅಧ್ಯಕ್ಷರ ಕೈ ಆಗಲೇ ಮೇಲಿತ್ತು. ಸರಸರನೆ ಎಲ್ಲರ ಕೈಗಳೂ ಎದ್ದವು.

“ರೀ, ಇದು ಕುರು ಕೈ ಕಣ್ರೀ!” ಎಂದರು ಅಧ್ಯಕ್ಷರು.

“ಹಾಗಾದ್ರೆ ಇಳಿಸಿ ಸಾರ್” ಎಂದರು ದೊಡ್ಡ ಡಾಕ್ಟರು, ಬಹಳ ವಿನಯದಿಂದ.

ಅಧ್ಯಕ್ಷರು ಇಳಿಸಲು ನೋಡಿದರು. ಮುಖ ಕಿವುಚಿದರು. ಡಾಕ್ಟರಮ್ಮ ಕೂತಿದ್ದ ಕಡೆ ಒಮ್ಮೆ ನೋಡಿದರು, ಗೋಡೆಯ ಗಾಜಿನ ಬೀರುವಿನಲ್ಲಿದ್ದ ಕೊಯ್ಯುವ ಚೂರಿಗಳನ್ನು ಒಮ್ಮೆ ನೋಡಿದರು. “ಇರ್ಲಿ ಬಿಡಿ, ಎತ್ತಿದ್ದು ಎತ್ತಿಯಾಯ್ತು” ಎಂದರು. ಸಭೆ ಮುಗಿದ ಕೂಡಲೇ ಪಕ್ಕದ ಕೋಣೆಯಲ್ಲಿ ಬಿಸಿ ಪಟ್ಟು ಬಿತ್ತು.

ಅದಾದ ಮೇಲೆ ಡಾಕ್ಟರಮ್ಮ ಕೈ ತೊಳೆದು, ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು, ಹಸಿರು ಪರದೆ ಸರಿಸಿ ಒಳಗೆ ಹೋದರು. ಈ ಸಲ ಸ್ಟೆತಸ್ಕೋಪು ಅವರ ಕೊರಳಲ್ಲೇ ಇತ್ತು. ಅಕ್ಕನ ಮುಖ ಅರಳಿದ್ದನ್ನು ಪರದೆಯ ಸಂದಿನಿಂದ ಕಂಡೆ. ದೊಡ್ಡ ಡಾಕ್ಟರು ಮೇಜಿನ ಗಂಟೆಯನ್ನು ಕೈಯಲ್ಲೇ ಹಿಡಿದು ತಂದಿದ್ದರು.

“ನೋಡಿ ಮೇಡಂ, ಈಗ ನೀವು ಈ ಆಸ್ಪತ್ರೆಯ ವೈದ್ಯರು. ಸಂಬಂಧಿಯ ಹಾಗೆ ಒಂದು ಮಾತೂ ಆಡಕೂಡದು.”

“ಆಡುವುದಿಲ್ಲ” ಎಂದು ಡಾಕ್ಟರಮ್ಮ ಗಂಭೀರವಾಗಿ ಬಗ್ಗಿದರು. ಅಕ್ಕ ಸ್ವಲ್ಪ ಮುಲುಗಿದಳು. “ನೋಯ್ತದಾ ಮಗಾ?” ಎಂದುಬಿಟ್ಟರು. ಎಚ್ಚರಿಕೆ ಗಂಟೆ ಹೊಡೆಯಿತು. ಎಲ್ಲಿಂದಲೋ ಕಾಂಪೌಂಡರು ಓಡಿ ಬಂದರು.

“ನನಗೇನೂ ನೋಯ್ತಿಲ್ಲ ಡಾಕ್ಟರಮ್ಮ” ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. “ನಿಮ್ಮ ದೊಡ್ಡಮ್ಮನ ಸೊಸೆಗೇ ಸ್ವಲ್ಪ ನೋಯ್ತಾ ಇರೋದು.”